ಬಿಚ್ಚುವ ಮೊದಲೇ ಗುರುತು: ಇಂಜಿನ್ನಿನ ಜೋಡಿಭಾಗಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಮೂರು ಸಿಲಿಂಡರಿನ ಹಳೆಯ ಟ್ರ್ಯಾಕ್ಟರ್. ಉಳುಮೆ ನಡೆಯುತ್ತಿದ್ದಾಗ ಆಯಿಲ್ ಪ್ರೆಶರ್ ಇಳಿದು, ಒಳಗಿನಿಂದ ಬಡಿತದ ಸದ್ದು ಕೇಳಿಬಂದದ್ದರಿಂದ ಇಂಜಿನ್ ಬಿಚ್ಚಿಸಿದ್ದೇವೆ. ಮೆಕ್ಯಾನಿಕ್ ಮೂರೂ ಕನೆಕ್ಟಿಂಗ್ ರಾಡುಗಳ ಕ್ಯಾಪುಗಳನ್ನು ಕಳಚಿ ಸೀಮೆಎಣ್ಣೆಯ ಒಂದೇ ಬಾಂಡ್ಲಿಗೆ ಹಾಕಿದ್ದಾರೆ. ಗುರುತು ಹಾಕಬೇಡವೇ ಎಂದು ಕೇಳಿದರೆ, ಎಲ್ಲವೂ ಒಂದೇ ಕಂಪನಿಯವು, ಒಂದೇ ಸೈಜಿನವು, ಯಾವುದನ್ನು ಎಲ್ಲಿ ಹಾಕಿದರೂ ಕೂರುತ್ತದೆ ಎನ್ನುತ್ತಾರೆ. ಇದು ಸರಿಯೇ? ಹೆಡ್ಡಿನ ಕೆಲಸ ಮತ್ತು ಕ್ರ್ಯಾಂಕ್ ಇಳಿಸುವ ಕೆಲಸ ಇನ್ನೂ ಬಾಕಿ ಇದೆ. ಮುಂದೆ ಹೇಗೆ ಗುರುತು ಮಾಡಿಕೊಳ್ಳಬೇಕು, ಬೆರೆತುಹೋದದ್ದನ್ನು ಹೇಗೆ ಸರಿಪಡಿಸಿಕೊಳ್ಳಬೇಕು? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ ಮಾತಿನಲ್ಲಿ ಅರ್ಧ ನಿಜವಿದೆ. ಯಾವ ಕ್ಯಾಪನ್ನು ಯಾವ ರಾಡಿಗೆ ಇಟ್ಟರೂ ಅದು ಕೂರುತ್ತದೆ, ಬೋಲ್ಟೂ ಬಿಗಿಯಾಗುತ್ತದೆ. ತಪ್ಪು ನಡೆಯುವುದೇ ಹೀಗೆ ಕೂರುವುದರಿಂದ. ಕೂರದೇ ಹೋಗಿದ್ದರೆ ಯಾರೂ ತಪ್ಪು ಮಾಡುತ್ತಿರಲಿಲ್ಲ.

ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವುದು ಕನೆಕ್ಟಿಂಗ್ ರಾಡು; ಅದರ ದೊಡ್ಡ ತುದಿಯ ಬಿಚ್ಚಬಹುದಾದ ಅರ್ಧವೇ ಕ್ಯಾಪು. ಆ ದೊಡ್ಡ ತುದಿಯ ರಂಧ್ರವನ್ನು ಕಾರ್ಖಾನೆಯಲ್ಲಿ ಹೇಗೆ ಕೊರೆಯುತ್ತಾರೆ ಎಂಬುದನ್ನು ನೆನೆದರೆ ಕಾರಣ ತಿಳಿಯುತ್ತದೆ. ರಾಡಿನಲ್ಲಿ ಅರ್ಧ ವೃತ್ತ, ಕ್ಯಾಪಿನಲ್ಲಿ ಅರ್ಧ ವೃತ್ತ ಎಂದು ಬೇರೆಬೇರೆಯಾಗಿ ಕೊರೆಯುವುದಿಲ್ಲ. ಮೊದಲು ಆ ರಾಡಿಗೆ ಆ ಕ್ಯಾಪನ್ನು ಇಟ್ಟು, ಬೋಲ್ಟುಗಳನ್ನು ನಿಗದಿತ ಟಾರ್ಕಿಗೆ, ಅಂದರೆ ಬಿಗಿತದ ಅಳತೆಗೆ, ಬಿಗಿದು, ಎರಡನ್ನೂ ಒಂದೇ ತುಂಡೆಂಬಂತೆ ಹಿಡಿದು ರಂಧ್ರ ಕೊರೆದು ನುಣುಪು ಮಾಡುತ್ತಾರೆ. ಹಾಗಾಗಿ ಆ ವೃತ್ತ ಪೂರ್ಣವಾಗಿರುವುದು ಆ ಎರಡು ತುಂಡುಗಳು ಅದೇ ದಿಕ್ಕಿನಲ್ಲಿ ಕೂಡಿದಾಗ ಮಾತ್ರ. ಒಂದನೆಯ ರಾಡಿನಲ್ಲಿ ವೃತ್ತದ ನಡುಬಿಂದು ಜೋಡಣೆಯ ಗೆರೆಗಿಂತ ಕೂದಲೆಳೆಯಷ್ಟು ಮೇಲಿರಬಹುದು, ಮೂರನೆಯದರಲ್ಲಿ ಅಷ್ಟೇ ಕೆಳಗಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆ ರಂಧ್ರದೊಳಗೆ ಎರಡು ಹೋಳಾಗಿ ಕೂರುವ ಬೇರಿಂಗಿಗೂ ಕ್ರ್ಯಾಂಕಿನ ಪಿನ್ನಿಗೂ ನಡುವೆ ಆಯಿಲ್ ನಿಲ್ಲಲು ಬಿಟ್ಟಿರುವ ಜಾಗ ಇಂಥ ಇಂಜಿನ್ನುಗಳಲ್ಲಿ ಸುಮಾರು 0.05ರಿಂದ 0.10 ಮಿ.ಮೀ. ಮಾತ್ರ, ಅಂದರೆ ತಲೆಗೂದಲಿನ ದಪ್ಪದಷ್ಟು. ಬೇರೆ ರಾಡಿನ ಕ್ಯಾಪ್ ಬಂದು ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ಸರಿದರೂ ಆ ಪಕ್ಕದಲ್ಲಿ ಆಯಿಲ್ಲಿನ ಪದರವೇ ಇಲ್ಲವಾಗಿ, ಲೋಹಕ್ಕೆ ಲೋಹ ತಾಗಿ, ಹೊಸ ಬೇರಿಂಗ್ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗಬಹುದು.

ಇತ್ತೀಚಿನ ಹಲವು ಇಂಜಿನ್ನುಗಳಲ್ಲಿ ಕ್ಯಾಪನ್ನು ಗರಗಸದಿಂದ ಕತ್ತರಿಸುವುದೇ ಇಲ್ಲ. ರಾಡನ್ನು ಒಂದೇ ತುಂಡಾಗಿ ತಯಾರಿಸಿ, ಸಣ್ಣ ಗೀರು ಹಾಕಿ, ಒಡೆದೇ ಬೇರ್ಪಡಿಸುತ್ತಾರೆ. ತೆಂಗಿನಕಾಯಿಯ ಎರಡು ಹೋಳು ಒಂದಕ್ಕೊಂದು ಮಾತ್ರ ಹೊಂದುವ ಹಾಗೆ, ಆ ಒರಟು ಮುಖಗಳು ತಮ್ಮ ಜೋಡಿಗೆ ಮಾತ್ರ ಹೊಂದುತ್ತವೆ. ಅಂಥ ರಾಡಿಗೆ ಬೇರೆ ಕ್ಯಾಪ್ ಇಟ್ಟು ಒಮ್ಮೆ ಬಿಗಿದರೆ ಮುಖದ ಏರುತಗ್ಗು ನಜ್ಜಾಗಿ ಎರಡೂ ಹಾಳು. ನಿಮ್ಮದು ಹಳೆಯ ಟ್ರ್ಯಾಕ್ಟರ್ ಆದ್ದರಿಂದ ಜೋಡಣೆಯ ಮುಖ ಸಪಾಟಾಗಿಯೇ ಇರಬೇಕು. ಆದರೂ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ.

ಈಗ ಬೆರೆತುಹೋದವುಗಳ ವಿಷಯ. ಮೂರು ರಾಡುಗಳಿಗೆ ಮೂರು ಕ್ಯಾಪುಗಳನ್ನು ಆರು ಬಗೆಯಲ್ಲಿ ಹೊಂದಿಸಬಹುದು, ಆ ಆರರಲ್ಲಿ ಸರಿಯಾದದ್ದು ಒಂದೇ. ಹೆದರಬೇಕಿಲ್ಲ, ಆರು ದೊಡ್ಡ ಸಂಖ್ಯೆಯಲ್ಲ. ಮೊದಲು ರಾಡು ಮತ್ತು ಕ್ಯಾಪುಗಳ ಪಕ್ಕದ ಮುಖಗಳನ್ನು, ಬೋಲ್ಟಿನ ಅಕ್ಕಪಕ್ಕವನ್ನು ತಂತಿ ಬ್ರಶ್ಶಿನಿಂದ ಚೆನ್ನಾಗಿ ಉಜ್ಜಿ ನೋಡಿ. ಕಾರ್ಖಾನೆಯ ಅಂಕಿಯೋ ಹಿಂದಿನ ಮೆಕ್ಯಾನಿಕ್ ಹಾಕಿದ ಚುಕ್ಕಿಯೋ ಕಪ್ಪು ಮಡ್ಡಿಯ ಕೆಳಗೆ ಅಡಗಿರುವುದು ಬಹಳ ಸಾಮಾನ್ಯ. ಅದೂ ಸಿಗದಿದ್ದರೆ ಬೇರಿಂಗ್ ತೆಗೆದು, ಬೇರಿಂಗಿನ ನಾಲಿಗೆ ಕೂರುವ ಕಚ್ಚುಗಳು ರಾಡಿನಲ್ಲಿಯೂ ಕ್ಯಾಪಿನಲ್ಲಿಯೂ ಒಂದೇ ಪಕ್ಕಕ್ಕೆ ಬರುವಂತೆ ಕ್ಯಾಪ್ ಇಟ್ಟು, ಮ್ಯಾನ್ಯುಯಲ್ಲಿನ ಟಾರ್ಕಿಗೆ ಬಿಗಿದು, ಒಳಗಿನ ಜೋಡಣೆಯ ಗೆರೆಯ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಅದು ಆ ರಾಡಿನ ಕ್ಯಾಪ್ ಅಲ್ಲ. ಉಗುರು ಸರಾಗವಾಗಿ ಜಾರಿದ ಜೋಡಿಯನ್ನೂ ಅಷ್ಟಕ್ಕೇ ನಂಬದೆ, ಲೇತ್ ಅಂಗಡಿಯಲ್ಲಿ ರಂಧ್ರದ ಒಳ ಅಳತೆ ತೋರಿಸುವ ಬೋರ್ ಗೇಜ್ ಇಟ್ಟು ಮೂರು ದಿಕ್ಕಿನಲ್ಲಿ ಅಳೆಸಿ: ರಾಡಿನ ಉದ್ದಕ್ಕೆ ಒಂದು, ಜೋಡಣೆಯ ಗೆರೆಯ ಆಚೆಗೊಂದು ಈಚೆಗೊಂದು ಓರೆಯಾಗಿ. ಮೂರು ಅಳತೆಗಳ ನಡುವೆ 0.02 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಾನಂತೂ ಆ ಜೋಡಿಯನ್ನು ಒಪ್ಪುವುದಿಲ್ಲ. ಯಾವ ಬಗೆಯಲ್ಲಿ ಹೊಂದಿಸಿದರೂ ಸರಿಬರದಿದ್ದರೆ, ಕ್ಯಾಪಿನ ಮುಖವನ್ನು ಯಂತ್ರದಲ್ಲಿ ತುಸು ಸವರಿಸಿ ರಂಧ್ರವನ್ನು ಮತ್ತೆ ಮೂಲ ಅಳತೆಗೆ ತರಿಸುವ ಕೆಲಸವೊಂದಿದೆ. ಅದನ್ನು ಒಳ್ಳೆಯ ಇಂಜಿನ್ ರೀಬೋರಿಂಗ್ ಅಂಗಡಿಯವರು ಮಾಡಿಕೊಡುತ್ತಾರೆ. ಆದರೆ ಬೇರಿಂಗ್ ಬಿಗಿ ಮಾಡುತ್ತೇನೆಂದು ಯಾರಾದರೂ ಕ್ಯಾಪಿನ ಮುಖಕ್ಕೆ ಕೈಯಿಂದ ಅರ ಹಾಕಲು ಹೊರಟರೆ ದಯವಿಟ್ಟು ತಡೆಯಿರಿ. ಊರೂರುಗಳಲ್ಲಿ ಈ ರೂಢಿ ಇದೆ, ಮತ್ತು ಅದು ಒಳ್ಳೆಯ ರಾಡುಗಳನ್ನು ಗುಜರಿಗೆ ಕಳಿಸುತ್ತಿದೆ.

ಇನ್ನು ಉಳಿದ ಕೆಲಸ. ಕ್ರ್ಯಾಂಕನ್ನು ಹಿಡಿದಿರುವ ಮೇನ್ ಕ್ಯಾಪುಗಳದ್ದೂ ಇದೇ ಕಥೆ, ಇನ್ನೂ ಕಟ್ಟುನಿಟ್ಟಾಗಿ. ಎಲ್ಲ ಮೇನ್ ಕ್ಯಾಪುಗಳನ್ನೂ ಬ್ಲಾಕಿಗೆ ಬಿಗಿದ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ನೇರದಲ್ಲಿ ಕೊರೆದಿರುತ್ತಾರೆ. ಇಲ್ಲಿ ಅದಲುಬದಲಾದರೆ ಏನಾಗುತ್ತದೆ ಎಂಬುದನ್ನು ನಾನು ಕೈಯಾರೆ ಕಂಡಿದ್ದೇನೆ. ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಐದು ಮೇನ್ ಬೇರಿಂಗಿನ ಒಂದು ಡೀಸೆಲ್ ಇಂಜಿನ್ನಿನ ಕ್ರ್ಯಾಂಕ್ ಕೂರಿಸಲು ಉಸ್ತಾದರು ನನಗೆ ಹೇಳಿದ್ದರು. ಬೋಲ್ಟುಗಳು ಸಡಿಲವಿದ್ದಾಗ ಕ್ರ್ಯಾಂಕ್ ಕೈಯಲ್ಲಿ ಹಗುರವಾಗಿ ತಿರುಗುತ್ತಿತ್ತು. ಎಲ್ಲವನ್ನೂ ಬಿಗಿದ ಮೇಲೆ ಸಬ್ಬಲಿನಂಥ ಕಬ್ಬಿಣ ಕೊಟ್ಟು ಮೀಟಿದರೂ ಅಲುಗಲಿಲ್ಲ. ಉಸ್ತಾದರು ಏನೂ ಅನ್ನದೆ ಒಂದೊಂದೇ ಕ್ಯಾಪ್ ಸಡಿಲಿಸುತ್ತ ಬಂದರು. ಎರಡನೆಯದನ್ನು ಸಡಿಲಿಸಿದೊಡನೆ ಕ್ರ್ಯಾಂಕ್ ಬಿಟ್ಟುಕೊಂಡಿತು. ಅದನ್ನು ತೆಗೆದು, ಹೆಬ್ಬೆರಳಿನಿಂದ ಒಂದು ಮೂಲೆಯನ್ನು ಒತ್ತಿ ಒರೆಸಿ, ನನ್ನ ಕಣ್ಣ ಮುಂದೆ ಹಿಡಿದರು. ಮಸಿ ತುಂಬಿದ್ದ ನಾಲ್ಕು ಪುಟ್ಟ ಚುಕ್ಕಿಗಳು ಅಲ್ಲಿದ್ದವು. ಗುರುತು ಇತ್ತು, ನಾನು ನೋಡಿರಲಿಲ್ಲ. ಆ ದಿನದಿಂದ ಮೇನ್ ಕ್ಯಾಪುಗಳನ್ನು ನಾನು ಒಂದೊಂದಾಗಿಯೇ ಬಿಗಿಯುತ್ತೇನೆ, ಪ್ರತಿ ಕ್ಯಾಪ್ ಬಿಗಿದ ನಂತರ ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿ ನೋಡುತ್ತೇನೆ. ನೀವೂ ಹಾಗೆಯೇ ಮಾಡಿಸಿ.

ಗುರುತು ಹಾಕುವ ಕ್ರಮ ಹೀಗೆ. ಕ್ಯಾಪ್ ಇನ್ನೂ ಬಿಗಿಯಾಗಿರುವಾಗಲೇ ಗುರುತು ಬೀಳಬೇಕು. ಬಿಚ್ಚಿದ ಮೇಲೆ ನೆನಪಿನಿಂದ ಹಾಕುವ ಗುರುತಿಗೆ ಬೆಲೆಯಿಲ್ಲ. ನಿಮ್ಮ ಟ್ರ್ಯಾಕ್ಟರಿನಲ್ಲಿ ರೇಡಿಯೇಟರ್ ಪಕ್ಕದ ಸಿಲಿಂಡರನ್ನು ಒಂದು ಎಂದು ಎಣಿಸಿ, ಫ್ಲೈವೀಲ್ ಕಡೆಗೆ ಎರಡು, ಮೂರು ಎಂದು ಹೋಗಿ. ಫ್ಲೈವೀಲ್ ಕಡೆಯಿಂದ ಎಣಿಸುವ ಕಂಪನಿಗಳೂ ಇವೆಯಾದ್ದರಿಂದ, ಯಾವ ಕಡೆಯಿಂದ ಎಣಿಸಿದ್ದೀರಿ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿಯೇ ಬರೆದಿಡಿ. ರಾಡು ಮತ್ತು ಕ್ಯಾಪು ಸೇರುವ ಗೆರೆಯ ಆಚೆ ಈಚೆ, ಬೋಲ್ಟಿನ ಪಕ್ಕದ ದಪ್ಪ ಭಾಗದಲ್ಲಿ, ಎರಡರ ಮೇಲೂ ಅದೇ ಅಂಕಿಯನ್ನು 3 ಮಿ.ಮೀ. ನಂಬರ್ ಪಂಚಿನಿಂದ ಒಂದೇ ಹಗುರವಾದ ಏಟಿನಲ್ಲಿ ಒತ್ತಿ. ಪಂಚ್ ಇಲ್ಲದಿದ್ದರೆ ಸೆಂಟರ್ ಪಂಚಿನ ಚುಕ್ಕಿಗಳೇ ಸಾಕು: ಒಂದು, ಎರಡು, ಮೂರು. ಮೂರೂ ರಾಡುಗಳಲ್ಲಿ ಗುರುತು ಇಂಜಿನ್ನಿನ ಒಂದೇ ಪಕ್ಕಕ್ಕೆ, ಉದಾಹರಣೆಗೆ ಕ್ಯಾಮ್ ಶಾಫ್ಟಿನ ಕಡೆಗೆ, ಬರುವಂತೆ ನೋಡಿಕೊಂಡರೆ ಆ ಒಂದೇ ಗುರುತು ಜೋಡಿಯನ್ನೂ ಹೇಳುತ್ತದೆ, ದಿಕ್ಕನ್ನೂ ಹೇಳುತ್ತದೆ. ರಾಡಿನ ತೆಳು ನಡುಭಾಗಕ್ಕೆ ಪಂಚ್ ಹೊಡೆಯುವುದು, ಕ್ಯಾಪಿನ ಬೆನ್ನಿಗೆ ಅರದಿಂದ ಗೀರು ಹಾಕುವುದು ಸಲ್ಲದು. ಲಕ್ಷಾಂತರ ಬಾರಿ ಎಳೆತ ಒತ್ತಡಕ್ಕೆ ಸಿಕ್ಕುವ ಆ ಜಾಗಗಳಲ್ಲಿ ಬಿರುಕು ಹುಟ್ಟುವುದು ಇಂಥ ಗೀರಿನಿಂದಲೇ. ಒಡೆದು ಬೇರ್ಪಡಿಸಿದ ಬಗೆಯ ರಾಡಾದರೆ ಪಂಚಿನ ಬದಲು ಒಳ್ಳೆಯ ಪೇಂಟ್ ಮಾರ್ಕರ್ ಬಳಸಿ.

ಕಾಗದದ ಚೀಟಿ, ಮಾಮೂಲಿ ಮಾರ್ಕರ್ ಪೆನ್ನು ಇವನ್ನು ನಂಬಬೇಡಿ. ಸೀಮೆಎಣ್ಣೆಯ ಮೊದಲ ತೊಳೆತದಲ್ಲಿಯೇ ಅವು ಅಳಿಸಿಹೋಗುತ್ತವೆ, ಬ್ಲಾಕ್ ತೊಳೆಯುವ ಕಾಸ್ಟಿಕ್ ನೀರಿನಲ್ಲಂತೂ ಪೇಂಟೂ ನಿಲ್ಲುವುದಿಲ್ಲ. ಪಂಚ್ ಹೊಡೆಯಲಾಗದ ಭಾಗಗಳಿಗೆ ನಾನು ಕಂಡ ಅತ್ಯುತ್ತಮ ಚೀಟಿ ಎಂದರೆ ಹಳೆಯ ಡಬ್ಬದ ತಗಡಿನಿಂದ ಕತ್ತರಿಸಿದ ಬೆರಳಗಲದ ಪಟ್ಟಿ: ಅದರ ಮೇಲೆ ಮೊಳೆಯಿಂದ ಅಂಕಿ ಕೊರೆದು, ತೂತು ಮಾಡಿ, ಬೈಂಡಿಂಗ್ ತಂತಿಯಿಂದ ಭಾಗಕ್ಕೆ ಕಟ್ಟಿದರೆ ಎಷ್ಟು ತೊಳೆದರೂ ಹೋಗದು. ಕ್ಯಾಪುಗಳನ್ನು ತೊಳೆದು ಒರೆಸಿದೊಡನೆ ಅವುಗಳ ರಾಡಿಗೇ ಸಿಕ್ಕಿಸಿ, ಅದೇ ಬೋಲ್ಟುಗಳನ್ನು ಕೈಬಿಗಿಯಾಗಿ ಹಾಕಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಹೆಡ್ಡಿನ ಕಡೆಯ ಜೋಡಿಗಳು ಬೇರೆ ಬಗೆಯವು. ಅಲ್ಲಿ ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು, ಟ್ಯಾಪೆಟ್ಟು ಪುಶ್ ರಾಡನ್ನು, ಪುಶ್ ರಾಡು ರಾಕರನ್ನು ಎತ್ತಿ ವಾಲ್ವ್ ತೆರೆಯಿಸುತ್ತದೆ. ಅವು ಕಾರ್ಖಾನೆಯಲ್ಲಿ ಜೋಡಿಯಾದವಲ್ಲ, ನಿಮ್ಮ ಹೊಲದಲ್ಲಿ ದುಡಿಯುತ್ತ ಜೋಡಿಯಾದವು. ಒರಳೂ ಅದರ ಗುಂಡೂ ವರ್ಷಗಟ್ಟಲೆ ಒಂದನ್ನೊಂದು ತಿಕ್ಕಿ ಒಂದಕ್ಕೊಂದು ಹೊಂದಿಕೊಂಡಿರುವ ಹಾಗೆ, ಪ್ರತಿ ಟ್ಯಾಪೆಟ್ಟಿನ ಅಡಿಮುಖ ತನ್ನ ಕ್ಯಾಮಿನ ಉಬ್ಬಿಗೆ, ಪ್ರತಿ ಪುಶ್ ರಾಡಿನ ತುದಿ ತನ್ನ ರಾಕರಿನ ಗುಳಿಗೆ, ಪ್ರತಿ ವಾಲ್ವ್ ತನ್ನ ಸೀಟಿಗೆ ಸವೆದು ಒಗ್ಗಿರುತ್ತದೆ. ಇವುಗಳಲ್ಲಿ ಟ್ಯಾಪೆಟ್ಟು ಅತ್ಯಂತ ಸೂಕ್ಷ್ಮ. ಸಪಾಟಾಗಿ ಕಾಣುವ ಅದರ ಅಡಿಮುಖ ನಿಜವಾಗಿ ತುಸು ಉಬ್ಬಿರುತ್ತದೆ, ಕ್ಯಾಮಿನ ಉಬ್ಬು ತುಸು ಓರೆಯಾಗಿರುತ್ತದೆ. ಇದರಿಂದ ಟ್ಯಾಪೆಟ್ಟು ಕೆಲಸ ಮಾಡುವಾಗ ತನ್ನ ಸುತ್ತ ತಾನೇ ತಿರುಗುತ್ತ ಸಮವಾಗಿ ಸವೆಯುತ್ತದೆ. ಹಳೆಯ ಟ್ಯಾಪೆಟ್ಟನ್ನು ಇನ್ನೊಂದು ಉಬ್ಬಿನ ಮೇಲೆ ಕೂರಿಸಿದರೆ ಎರಡು ಸವೆತಗಳೂ ಹೊಂದದೆ, ಅದು ತಿರುಗದೆ ನಿಂತು ಕ್ಯಾಮನ್ನು ಕೆರೆದುಹಾಕಬಹುದು. ನಿಮ್ಮ ಇಂಜಿನ್ನಿನಲ್ಲಿ ಸಿಲಿಂಡರಿಗೆ ಎರಡು ವಾಲ್ವಿನಂತೆ ಆರು ಟ್ಯಾಪೆಟ್ಟು. ಆರನ್ನು ಹೊಂದಿಸುವ ಬಗೆಗಳು 720. ರಾಡಿನ ಕ್ಯಾಪುಗಳ ಹಾಗೆ ಇವನ್ನು ಉಗುರಿನಿಂದ ಗುರುತಿಸಿ ಮರಳಿ ಜೋಡಿಸಲಾಗದು. ಬೆರೆತರೆ ಅಡಿಮುಖವನ್ನು ಮತ್ತೆ ಗ್ರೈಂಡ್ ಮಾಡಿಸಬೇಕು, ಇಲ್ಲವೇ ಹೊಸ ಟ್ಯಾಪೆಟ್ಟು ತರಬೇಕು. ಕ್ಯಾಮೇ ಹೊಸದಾದರೆ ಟ್ಯಾಪೆಟ್ಟುಗಳೂ ಹೊಸದೇ ಆಗಬೇಕು.

ನಮ್ಮ ಉಸ್ತಾದರು ಟ್ಯಾಪೆಟ್ಟುಗಳಿಗೆಂದೇ ಹಳೆಯ ಅಲ್ಯೂಮಿನಿಯಂ ಇಡ್ಲಿ ತಟ್ಟೆಯೊಂದನ್ನು ಇಟ್ಟಿದ್ದರು. ಗುಳಿಯ ಪಕ್ಕದಲ್ಲಿ ಅಂಕಿ ಕೊರೆದಿತ್ತು; ಗುಳಿಗೊಂದು ಟ್ಯಾಪೆಟ್ಟು ಇಟ್ಟು, ಒಂದನ್ನು ಎತ್ತಿ ತೊಳೆದು ಅಲ್ಲಿಗೇ ಇಟ್ಟ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕಿತ್ತು. ತಟ್ಟೆಯ ತೂತುಗಳಿಂದ ಸೀಮೆಎಣ್ಣೆ ತಾನಾಗಿ ಬಸಿದುಹೋಗುತ್ತಿತ್ತು. ಪುಶ್ ರಾಡು ಮತ್ತು ವಾಲ್ವುಗಳಿಗೆ ದಪ್ಪ ರಟ್ಟಿನ ಡಬ್ಬದಲ್ಲಿ ಸಾಲಾಗಿ ತೂತು ಮಾಡಿ, ಒಂದು ತುದಿಗೆ ‘ರೇಡಿಯೇಟರ್ ಕಡೆ’ ಎಂದು ಬರೆದು ನೆಟ್ಟರಾಯಿತು. ಟ್ಯಾಪೆಟ್ಟುಗಳು ಕ್ಯಾಮ್ ಎಳೆದ ಮೇಲೆ ಚೇಂಬರಿನ (ಇಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯ) ಕಡೆಗೆ ಕೆಳಕ್ಕೆ ಬೀಳುವ ಬಗೆಯ ಇಂಜಿನ್ ನಿಮ್ಮದಾಗಿದ್ದರೆ, ಬ್ಲಾಕನ್ನು ತಲೆಕೆಳಗು ಮಾಡಿಕೊಂಡ ಮೇಲೆಯೇ ಕ್ಯಾಮ್ ಎಳೆಯಿರಿ.

ಬಿಚ್ಚಿದ ಹಳೆಯ ಬೇರಿಂಗುಗಳನ್ನು ಹೇಗೂ ಬದಲಿಸುತ್ತೇವಲ್ಲ ಎಂದು ಮೂಲೆಗೆ ಎಸೆಯಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಪ್ರತಿಯೊಂದರ ಬೆನ್ನಿನ ಮೇಲೂ ಸಿಲಿಂಡರಿನ ಅಂಕಿ ಮತ್ತು ರಾಡಿನ ಕಡೆಯದೋ ಕ್ಯಾಪಿನ ಕಡೆಯದೋ ಎಂದು ಬರೆದು ಸಾಲಾಗಿ ಇಡಿ. ನಿಮ್ಮ ಇಂಜಿನ್ನಿನ ಪ್ರೆಶರ್ ಇಳಿದದ್ದೇಕೆ ಎಂಬುದಕ್ಕೆ ಸಾಕ್ಷಿ ಇರುವುದು ಅವುಗಳಲ್ಲಿಯೇ. ಎಲ್ಲ ಬೇರಿಂಗುಗಳಲ್ಲಿಯೂ ಒಂದೇ ಸಮನೆ ಗೀರುಗಳಿದ್ದರೆ ಆಯಿಲ್ ಅಥವಾ ಫಿಲ್ಟರ್ ಕೊಳೆಯಾಗಿತ್ತು ಎಂದರ್ಥ. ಒಂದೇ ಒಂದು ಸಿಲಿಂಡರಿನದು ಮಾತ್ರ ತಾಮ್ರದ ಬಣ್ಣ ಕಾಣುವಷ್ಟು ಸವೆದಿದ್ದರೆ ಅಲ್ಲಿಗೆ ಹೋಗುವ ಆಯಿಲ್ ದಾರಿಯನ್ನು ತಂತಿ ಹಾಕಿ, ಗಾಳಿ ಹೊಡೆದು ಪರೀಕ್ಷಿಸಿ. ಮೇಲಿನ ತುಂಡು ಒಂದು ಅಂಚಿನಲ್ಲಿ, ಕೆಳಗಿನದು ಎದುರು ಅಂಚಿನಲ್ಲಿ ಹೊಳೆಯುತ್ತಿದ್ದರೆ ಆ ರಾಡು ಬಾಗಿದೆಯೋ ಎಂದು ನೋಡಿಸಿ. ಯಾವ ಬೇರಿಂಗ್ ಎಲ್ಲಿಯದು ಎಂಬುದೇ ಗೊತ್ತಿಲ್ಲದಿದ್ದರೆ ಈ ಸಾಕ್ಷಿ ಕಳೆದುಹೋಗಿ, ಹೊಸ ಬೇರಿಂಗ್ ಹಾಕಿದರೂ ಹಳೆಯ ರೋಗ ಉಳಿದುಕೊಳ್ಳುತ್ತದೆ.

ಹೊಸ ಲೈನರ್ ಪಿಸ್ಟನ್ ಕಿಟ್ ತರುವುದಾದರೆ ಒಂದು ಡಬ್ಬದ ಪಿಸ್ಟನ್ ಇನ್ನೊಂದು ಡಬ್ಬದ ಲೈನರಿಗೆ ಹೋಗದಂತೆ ನೋಡಿಕೊಳ್ಳಿ. ಅಳತೆ ಹೊಂದಿಸಿಯೇ ಡಬ್ಬ ತುಂಬಿರುತ್ತಾರೆ. ಟೈಮಿಂಗ್ ಗೇರುಗಳ ಚುಕ್ಕಿಗಳನ್ನು ಬಿಚ್ಚುವ ಮೊದಲೇ ಹೊಂದಿಸಿ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ನಡುವೆ ಐಡ್ಲರ್ ಗೇರ್ ಇರುವ ಇಂಜಿನ್ನುಗಳಲ್ಲಿ ಆ ಚುಕ್ಕಿಗಳು ಮತ್ತೆ ಒಂದೆಡೆ ಸೇರಲು ಕ್ರ್ಯಾಂಕನ್ನು ಹಲವು ಸುತ್ತು ತಿರುಗಿಸಬೇಕಾಗಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಕೂಡಿರುವ ಹಲ್ಲುಗಳಿಗೇ ನಿಮ್ಮದೊಂದು ಪೇಂಟ್ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ನಮ್ಮ ಪಂಪ್‌ಸೆಟ್ಟಿನ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ ಬಿಚ್ಚಿದಾಗ ಒಂದು ರಾಡಿನ ಮೇಲೆ 47, ಇನ್ನೊಂದರ ಮೇಲೆ 112 ಎಂಬ ಅಂಕಿಗಳಿದ್ದವು. ಒಂದು ಕ್ಯಾಪಿನ ಮೇಲೆ ಎರಡು ಚುಕ್ಕಿ ಕೂಡ ಇದೆ, ಆದರೆ ಅದು ಇದ್ದದ್ದು ಒಂದನೆಯ ಸಿಲಿಂಡರಿನಲ್ಲಿ. ಯಾವುದನ್ನು ನಂಬಬೇಕು? (ತುಮಕೂರು ಜಿಲ್ಲೆಯ ಓದುಗರು)

ಉತ್ತರ: 47 ಮತ್ತು 112 ಸಿಲಿಂಡರಿನ ಅಂಕಿಗಳಲ್ಲ, ಜೋಡಿಯ ಅಂಕಿಗಳು. 47 ಎಂದಿರುವ ಕ್ಯಾಪು 47 ಎಂದಿರುವ ರಾಡಿಗೆ ಸೇರಿದ್ದು ಎಂಬುದಷ್ಟನ್ನೇ ಅವು ಹೇಳುತ್ತವೆ. ಯಾವ ಸಿಲಿಂಡರಿನದು ಎಂಬುದನ್ನು ನೀವೇ ಬರೆದುಕೊಳ್ಳಬೇಕು. ಎರಡು ಚುಕ್ಕಿ ಹಿಂದೆ ಯಾರೋ ಹಾಕಿದ್ದು. ಆಗ ಅವರು ಇನ್ನೊಂದು ತುದಿಯಿಂದ ಎಣಿಸಿರಬಹುದು, ಅಥವಾ ಆಮೇಲೆ ರಾಡುಗಳೇ ಅದಲುಬದಲಾಗಿರಬಹುದು. ಈಗ ಎರಡು ಸಿಲಿಂಡರಿನಲ್ಲೂ ಸವೆತ ಸಮವಾಗಿದ್ದು, ಕಾರ್ಖಾನೆಯ ಅಂಕಿಗಳು ಜೋಡಿಗೆ ಸರಿಹೊಂದುತ್ತಿದ್ದರೆ, ಈಗ ಇದ್ದಲ್ಲಿಗೇ ಮರಳಿ ಹಾಕಿ. ಹಳೆಯ ಚುಕ್ಕಿಯನ್ನು ಅರದಿಂದ ಅಳಿಸಲು ಹೋಗಬೇಡಿ. ಹಿಂದಿನವರು ಚುಕ್ಕಿ ಬಳಸಿದ್ದರೆ ನೀವು ಅಂಕಿ ಬಳಸಿ, ಮತ್ತು ಆ ಚುಕ್ಕಿ ಲೆಕ್ಕಕ್ಕಿಲ್ಲ ಎಂದು ಇಂಜಿನ್ನಿನ ನೋಟ್‌ಬುಕ್ಕಿನಲ್ಲಿ ದಾಖಲಿಸಿ. ಮುಂದೆ ಬಿಚ್ಚುವವರು ನೀವೇ ಆಗಿರಬೇಕೆಂದಿಲ್ಲ.

ಪ್ರಶ್ನೆ: ತಂದೆಯವರ ಯೆಜ್ದಿ 250 ಬೈಕನ್ನು ಮನೆಯಲ್ಲಿಯೇ ಬಿಚ್ಚಿ ಕಟ್ಟಬೇಕೆಂದಿದ್ದೇನೆ. ಒಂದೇ ಸಿಲಿಂಡರ್ ಇರುವಾಗ ಗುರುತಿನ ಅಗತ್ಯವಿದೆಯೇ? (ಮೈಸೂರಿನ ಓದುಗರು)

ಉತ್ತರ: ನಿಮ್ಮ ಊರಿನ ಕಾರ್ಖಾನೆಯಲ್ಲಿಯೇ ತಯಾರಾದ ಗಾಡಿ, ಅದು 1996ರಲ್ಲಿ ಮುಚ್ಚಿದ್ದರಿಂದ ನಿಮ್ಮ ಇಂಜಿನ್ನಿನ ಮೂಲ ಜೋಡಿಗಳನ್ನು ಕಾಪಾಡಿಕೊಳ್ಳಲು ಇನ್ನೂ ಹೆಚ್ಚಿನ ಕಾರಣವಿದೆ. ಸಿಲಿಂಡರ್ ಒಂದೇ ಇರುವುದರಿಂದ ರಾಡು ಬೆರೆಯುವ ಭಯವಿಲ್ಲ, ಕ್ರ್ಯಾಂಕ್ ಒತ್ತಿ ಕೂಡಿಸಿದ ಬಗೆಯದಾದ್ದರಿಂದ ಬಿಚ್ಚುವ ಕ್ಯಾಪೂ ಇಲ್ಲ. ಗಮನವಿಡಬೇಕಾದದ್ದು ಬೇರೆ ಕಡೆ. ಕ್ರ್ಯಾಂಕ್‌ಕೇಸಿನ ಎಡಬಲ ಹೋಳುಗಳು ಒಟ್ಟಿಗೆ ಯಂತ್ರಕ್ಕೆ ಕೂತು ಕೊರೆಯಿಸಿಕೊಂಡವು. ಒಂದು ಹೋಳು ಬಿರುಕು ಬಿಟ್ಟಿತೆಂದು ಗುಜರಿಯಿಂದ ಅದೊಂದನ್ನೇ ತರಬೇಡಿ, ತರುವುದಾದರೆ ಜೋಡಿಯನ್ನೇ ತನ್ನಿ. ಪಿಸ್ಟನ್ನಿನ ಮುಂದಿನ ದಿಕ್ಕನ್ನು ತೆಗೆಯುವ ಮೊದಲೇ ಗುರುತಿಸಿಕೊಳ್ಳಿ. ಟೂ ಸ್ಟ್ರೋಕಿನಲ್ಲಿ ಅದು ತಿರುಗಾಮುರುಗಾ ಆದರೆ ರಿಂಗಿನ ತುದಿ ಸಿಲಿಂಡರ್ ಗೋಡೆಯ ಕಿಂಡಿಗೆ (ಪೋರ್ಟಿಗೆ) ಸಿಕ್ಕಿ ಮುರಿಯಬಹುದು. ಗೇರ್ ಶಾಫ್ಟುಗಳ ತೆಳು ವಾಷರುಗಳನ್ನು ತೆಗೆದ ಕ್ರಮದಲ್ಲಿಯೇ ದಾರಕ್ಕೆ ಪೋಣಿಸಿ, ಶಾಫ್ಟಿನ ಯಾವ ತುದಿಯವು ಎಂದು ತಗಡಿನ ಚೀಟಿ ಕಟ್ಟಿ.

ಪ್ರಶ್ನೆ: ಡೀಸೆಲ್ ಪಂಪು ಮತ್ತು ಇಂಜೆಕ್ಟರುಗಳನ್ನು ನಾವೇ ಬಿಚ್ಚಿ ತೊಳೆಯಬಹುದೇ? ಅವುಗಳಲ್ಲಿಯೂ ಜೋಡಿಗಳಿವೆಯೇ? (ಕೊಪ್ಪಳ ಜಿಲ್ಲೆಯ ಓದುಗರು)

ಉತ್ತರ: ಇಡೀ ಇಂಜಿನ್ನಿನಲ್ಲಿ ಅತ್ಯಂತ ಬಿಗಿಯಾದ ಜೋಡಿಗಳಿರುವುದೇ ಅಲ್ಲಿ. ನಮ್ಮ ಕಡೆ ಡೀಸೆಲ್ ಪಂಪಿಗೆ ಮೈಕೊ ಪಂಪು ಎಂದೇ ಹೆಸರು. ಬೆಂಗಳೂರಿನ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಜನರ ಬಾಯಲ್ಲಿ ಮೈಕೊ ಉಳಿದಿದೆ. ಆ ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್ ಮತ್ತು ಅದು ಓಡಾಡುವ ಕೊಳವೆಯಾದ ಬ್ಯಾರಲ್, ಇಂಜೆಕ್ಟರಿನ ನಾಜಲ್ ಮತ್ತು ಅದರ ಸೂಜಿ, ಇವು ಒಂದನ್ನೊಂದು ಉಜ್ಜಿ ಹೊಂದಿಸಿದ ಜೋಡಿಗಳು. ಅವುಗಳ ನಡುವಿನ ಜಾಗ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಒಂದರ ಸೂಜಿ ಇನ್ನೊಂದಕ್ಕೆ ಹೋದರೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಡೀಸೆಲ್ ಸೋರುತ್ತದೆ. ಆದ್ದರಿಂದ ಪಂಪನ್ನು ಬಿಚ್ಚಲೇಬೇಡಿ. ಟೆಸ್ಟ್ ಬೆಂಚ್ ಇರುವ ಅಂಗಡಿಗೆ ಇಡಿಯಾಗಿ ಕೊಡಿ. ಇಳಿಸುವ ಮೊದಲು ಪಂಪಿನ ಫ್ಲ್ಯಾಂಜಿಗೂ ಇಂಜಿನ್ನಿಗೂ ಅಡ್ಡಲಾಗಿ ಒಂದು ತೆಳು ಗೆರೆ ಎಳೆದುಕೊಂಡರೆ ಟೈಮಿಂಗ್ ಹೊಂದಿಸಲು ನೆರವಾಗುತ್ತದೆ. ಪೈಪುಗಳಿಗೂ ಇಂಜೆಕ್ಟರುಗಳಿಗೂ ಸಿಲಿಂಡರಿನ ಅಂಕಿಯ ತಗಡು ಕಟ್ಟಿ, ಬಾಯಿಗಳನ್ನು ಸ್ವಚ್ಛವಾದ ಪ್ಲಾಸ್ಟಿಕ್ಕಿನಿಂದ ಮುಚ್ಚಿ.

ನಾಜಲನ್ನು ಬಿಚ್ಚಲೇಬೇಕಾಗಿ ಬಂದರೆ ಒಂದೊಂದಕ್ಕೂ ಬೇರೆ ಬಟ್ಟಲಿನಲ್ಲಿ ಸೋಸಿದ ಡೀಸೆಲ್ ಇಟ್ಟುಕೊಂಡು, ಒಂದನ್ನು ತೊಳೆದು ಮುಗಿಸಿ ಕಟ್ಟಿದ ಮೇಲೆಯೇ ಇನ್ನೊಂದನ್ನು ತೆರೆಯಿರಿ. ಸೂಜಿಯ ನುಣುಪಾದ ಭಾಗವನ್ನು ಬೆರಳಿನಿಂದ ಮುಟ್ಟಬೇಡಿ, ಬಟ್ಟೆಯಿಂದ ಒರೆಸಬೇಡಿ. ಹಿಂಬದಿಯ ಮೊಟಕು ತುದಿಯನ್ನಷ್ಟೇ ಹಿಡಿಯಿರಿ. ತೊಳೆದ ಸೂಜಿಯನ್ನು ಡೀಸೆಲ್ಲಿನಲ್ಲಿ ಅದ್ದಿ ಅದರದೇ ನಾಜಲಿನಲ್ಲಿ ಮೂರನೆಯ ಒಂದು ಭಾಗ ಹೊರಗೆಳೆದು ಬಿಟ್ಟಾಗ, ಅದು ತನ್ನ ಭಾರದಿಂದಲೇ ಮೆಲ್ಲಗೆ ಜಾರಿ ಕೆಳಗೆ ಕೂರಬೇಕು. ನಡುವೆ ತಡೆದು ನಿಂತರೆ ಇನ್ನೊಮ್ಮೆ ತೊಳೆದು ನೋಡಿ. ಆಗಲೂ ನಿಂತರೆ ಸೂಜಿಯನ್ನು ಮಾತ್ರವಲ್ಲ, ನಾಜಲನ್ನೂ ಸೇರಿಸಿ ಜೋಡಿಯನ್ನೇ ಬದಲಿಸಿ.